ಕಟ್ಟಿಗೆ ಒಂದಾಣೆ

ಮೊನ್ನೆ ಸಂಜೆ ಕರೆಂಟು ಹೋಗಿತ್ತು. ಬಂದಮೇಲೆ ಸೊಸೆ ಮೇಣದಬತ್ತಿಯನ್ನು ಊದಿ ಆರಿಸಿದಳು. ಆ ಹೊಗೆಯ ವಾಸನೆ ಮೂಗಿಗೆ ಬಂದದ್ದೇ, ಪಕ್ಕದ ಮನೆಯ ಅಕ್ಕನ ನೆನಪಾಯಿತು. ಎಷ್ಟು ವರ್ಷವಾಯಿತೋ ಅವಳನ್ನು ನೆನೆದು...

ಎರಡನೇ ಯುದ್ಧಕ್ಕೆ ಮುಂಚಿನ ಮಾತು. ನಾನಾಗ ಲಂಗ ಉಟ್ಟು ಓಡಾಡುವ ಹುಡುಗಿ. ಚಿನ್ನದ ಗಣಿಯ ಕೂಲಿಯವರಿಗೆ ಸಾಲಾಗಿ ಕಟ್ಟಿದ ಕೋರಮಂಡಲ್ ಲೈನುಮನೆಗಳಲ್ಲಿ ನಮಗೂ ಅಕ್ಕನಿಗೂ ನಡುವೆ ಒಂದು ತಟ್ಟಿ ಅಡ್ಡ, ಅಷ್ಟೇ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತಿತ್ತು. ಅವಳ ಗಂಡ ಗಣಿಯೊಳಗೆ ಇಳಿಯುವವನು. ಮಾತು ಕಡಿಮೆ. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಜೇಬಿನಲ್ಲಿ ತಂದು ಅಕ್ಕನ ಮುಂದೆ ಹಾಕುತ್ತಿದ್ದ. ಅವಳು ಅದನ್ನು ನೂಲಿಗೆ ಉಜ್ಜುತ್ತಿದ್ದಳು. ಮೇಣ ಹತ್ತಿದ ನೂಲು ಸಿಕ್ಕಾಗುವುದಿಲ್ಲ, ಮಣಿಯೊಳಗೆ ಸರಾಗವಾಗಿ ಹೋಗುತ್ತದೆ.

ಮಣಿ ಪೋಣಿಸುವುದೇ ಅಕ್ಕನ ಶೋಕಿ. ಸಾಸಿವೆ ಕಾಳಿನಷ್ಟು ಗಾಜಿನ ಮಣಿಗಳು, ಸೀಮೆಯಿಂದ ಬರುವಂಥವು. ಆಂಡರ್ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ತೂಗುಹಾಕಿರುತ್ತಿದ್ದರು. ಹಸಿರು, ಕೆಂಪು, ಹಾಲು ಬಿಳುಪು. ಮನೆಗೆಲಸ ಮುಗಿದ ಮಧ್ಯಾಹ್ನ ಅವಳು ಒಂದು ತೋರಣ ಮಾಡುತ್ತಿದ್ದಳು, ತನ್ನದೇ ಬಾಗಿಲಿಗೆಂದು. ನಡುವೆ ಎರಡು ಗಿಣಿ, ಸುತ್ತ ಬಳ್ಳಿ. ಸೂಜಿ ಹಿಡಿದರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಪಕ್ಕದಲ್ಲಿ ಕೂತು ಬಣ್ಣ ಬೇರೆ ಮಾಡಿಕೊಡುವುದು ನನ್ನ ಕೆಲಸ.

ದುಡ್ಡು ಅವಳದೇ ದುಡಿಮೆ. ಹಿತ್ತಲಲ್ಲಿ ಒಂದು ಹಸು ಇತ್ತು, ಹಾಲು ಮಾರುತ್ತಿದ್ದಳು. ಆದರೂ ಅತ್ತೆಗೆ ನಿಜ ಹೇಳುವ ಧೈರ್ಯ ಇರಲಿಲ್ಲ. ಎಷ್ಟಾಯಿತೆಂದು ಅವರು ಕೇಳಿದಾಗಲೆಲ್ಲ ಕಟ್ಟಿಗೆ ಒಂದಾಣೆ ಎಂದುಬಿಡುತ್ತಿದ್ದಳು. ನಾನು ಅಂಗಡಿಗೆ ಜೊತೆಗೆ ಹೋದವಳು. ಎಂಟಾಣೆ ಎಣಿಸಿಕೊಟ್ಟದ್ದನ್ನು ಕಣ್ಣಾರೆ ಕಂಡವಳು. ಯಾಕೆ ಸುಳ್ಳು ಹೇಳುತ್ತೀಯೆಂದು ನೇರವಾಗಿಯೇ ಕೇಳಿದೆ.

"ನಿಜ ಯೋಳಿದ್ರೆ ಇನ್ನೊಂದ್ಸಲ ಅಂಗಡಿ ಕಡೆ ಓಗಾಕೆ ಬಿಡ್ತಾರೇನೆ?" ಎಂದಳು.

ಸುಳ್ಳಿಗೆ ಕಾಲು ಬಂದರೆ ಮನೆಯಲ್ಲಿ ನಿಲ್ಲುವುದಿಲ್ಲ. ಒಂದಾಣೆ ಎಂದು ಕೇಳಿದ ಲೈನಿನ ಹೆಂಗಸರೆಲ್ಲ, ನಮಗೂ ಒಂದು ಕಟ್ಟು ತಾರಮ್ಮ ಎಂದು ಆಣೆ ತಂದು ಕೈಗಿಟ್ಟರು. ನಮ್ಮಮ್ಮನೂ ಇಟ್ಟಳು. ಅಕ್ಕ ಇಲ್ಲ ಎನ್ನುವ ಹಾಗಿಲ್ಲ, ಉಳಿದ ಏಳಾಣೆ ತಾನೇ ಹಾಕಿ ತಂದುಕೊಟ್ಟಳು. ಹಾಲಿನ ದುಡ್ಡು ಸಾಲದೆ ಹೋದ ದಿನ ತನ್ನ ಗಿಣಿಯ ರೆಕ್ಕೆಯನ್ನೇ ಬಿಚ್ಚಿ, ಆ ಮಣಿಗಳನ್ನು ಕಟ್ಟು ಮಾಡಿ ಕೊಟ್ಟಳು. ಮಾಡುವುದು, ಬಿಚ್ಚುವುದು... ಆ ಗಿಣಿಗಳು ಬೆಳೆಯಲೇ ಇಲ್ಲ.

ಅಷ್ಟರಲ್ಲಿ ಅಕ್ಕನ ನಾದಿನಿಗೆ ಬಂಗಾರಪೇಟೆಯಲ್ಲಿ ಗಂಡು ಗೊತ್ತಾಯಿತು. ಗಂಡಿನ ಕಡೆಯ ಹೆಂಗಸರು ಬಂದಾಗ ಅಕ್ಕನ ಅತ್ತೆ ಜಂಬದಿಂದ, ನಮ್ಮ ಸೊಸೆ ಜಾಣೆ, ಇಂಥ ಮಣಿಯನ್ನು ಒಂದಾಣೆಗೆ ತರುತ್ತಾಳೆ ಎಂದು ಹೇಳಿಕೊಂಡರು. ಅವರು ಹೋದಮೇಲೆ, ಆ ತೋರಣ ಮಗಳ ಜೊತೆ ಹೋಗಲಿ ಎಂದು ಅಪ್ಪಣೆ ಮಾಡಿದರು. ಅಕ್ಕ ಸೂಜಿಗೆ ಮತ್ತೆ ನೂಲು ಏರಿಸಿದಳು. ಮದುವೆಯ ಹೊತ್ತಿಗೆ ಎರಡು ಗಿಣಿಯೂ ಮುಗಿದಿದ್ದವು. ಅದಕ್ಕೆ ಬೇಕಾದ ದುಡ್ಡು ಎಲ್ಲಿಂದ ಹುಟ್ಟಿತೋ ನಾನು ಕೇಳಲಿಲ್ಲ.

ಮದುವೆಗೆ ನಾವೂ ಹೋಗಿದ್ದೆವು. ಹೆಣ್ಣಿನ ಜೊತೆ ಬಂದ ಸಾಮಾನನ್ನು ಗಂಡಿನ ಮನೆಯಲ್ಲಿ ಚಾಪೆಯ ಮೇಲೆ ಹರಡಿ, ಒಂದೊಂದನ್ನೂ ಎತ್ತಿ ಬೆಲೆ ಕೇಳುವುದು ಆಗಿನ ಪದ್ಧತಿ. ಹಿತ್ತಾಳೆಯ ಕೊಳದಪ್ಪಲೆ ಎಷ್ಟು, ಜಮಖಾನ ಎಷ್ಟು... ಅಕ್ಕನ ಅತ್ತೆ ಎದೆ ಉಬ್ಬಿಸಿ ಹೇಳುತ್ತಿದ್ದರು. ತೋರಣದ ಸರದಿ ಬಂತು. ಗಂಡಿನ ಒಡಹುಟ್ಟಿದವಳು ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ಇದ್ರ ಬೆಲೆ ಯೋಳೋದೇ ಬ್ಯಾಡ ಬುಡಿ, ನಮಗೆ ಗೊತ್ತೈತೆ. ಒಂದಾಣೆ ಮಾಲು. ಬಾಕ್ಲಿಗೆ ಕಟ್ಟಿದ್ರೆ ನೋಡ್ದೋರು ನಗಾಕಿಲ್ವಾ?"

ಎಲ್ಲರೂ ನಕ್ಕರು. ಮದುಮಗಳ ತಲೆ ಮೊಣಕಾಲಿಗೆ ಹತ್ತಿತು. ಅಕ್ಕನ ಅತ್ತೆಗೆ ತಾವೇ ಹೇಳಿಕೊಂಡ ಬೆಲೆ, ಈಗ ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಕ್ಕ ಹಿಂದೆ ಪಾನಕದ ಲೋಟಗಳನ್ನು ಹಿಡಿದು ನಿಂತಿದ್ದಳು. ಲೋಟಗಳನ್ನು ಕೆಳಗಿಟ್ಟಳು.

"ಕಟ್ಟಿಗೆ ಎಂಟಾಣೆ. ನಮ್ಮತ್ತೆಗೆ ನಾನೇ ಸುಳ್ಳು ಯೋಳಿದ್ದೆ. ಬೇಕಾದ್ರೆ ಆಂಡರ್ಸನ್‌ಪೇಟೆ ಅಂಗಡೀಲಿ ಕೇಳ್ಕೊಳ್ಳಿ. ಈ ತೋರಣದಾಗೆ ಒಂದು ಹಸೀನ ಕರ ತರೋ ದುಡ್ಡೈತೆ."

ಗಂಡಿನ ತಾಯಿ ಎದ್ದು ಬಂದು, ತೋರಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಾನೇ ನಿಂತು ತಲೆಬಾಗಿಲಿಗೆ ಕಟ್ಟಿಸಿದಳು.

ವಾಪಸು ರೈಲಿನಲ್ಲಿ ಅತ್ತೆ ಸೊಸೆ ಎದುರುಬದುರು ಕೂತಿದ್ದರು. ನಮ್ಮಮ್ಮ ಜಗಳ ಶುರುವಾಗುವುದನ್ನೇ ಕಾಯುತ್ತಿದ್ದಳು. ಆ ಮುದುಕಿ ಸೊಸೆಯ ಕಡೆ ಬಾಗಿ ಕೇಳಿದರು.

"ಹಾಲಿನ ದುಡ್ಡಾ?"

"ಊಂ."

"ನಾಳೆಯಿಂದ ನನ್ನ ಕೈಗೆ ಕೊಡು."

ಅಷ್ಟು ಹೇಳಿ, ಎಲೆ ಅಡಿಕೆ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ ಮಡಿಸಿ ಅಕ್ಕನ ಕೈಗೆ ಕೊಟ್ಟರು. ಸೊಸೆಗೆ ಅವರು ಎಲೆ ಮಡಿಸಿಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನ ಹಿತ್ತಲಲ್ಲಿ ಅಕ್ಕನನ್ನು ಹಿಡಿದು, ಇಷ್ಟು ದಿನ ಮುಚ್ಚಿಟ್ಟದ್ದನ್ನು ಅಷ್ಟು ಜನರ ಮುಂದೆ ಯಾಕೆ ಹೇಳಿದೆ, ಇನ್ನು ನಿನಗೆ ಮಣಿ ಎಲ್ಲಿ ಸಿಗುತ್ತದೆ ಎಂದು ಬೈದೆ. ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ಸುಮ್ಕಿದ್ದಿದ್ರೆ ನಮ್ ನಾದಿನಿ ಆ ಮನ್ಯಾಗೆ ಸಾಯೋಗಂಟ ಒಂದಾಣೆ ಸೊಸೆ ಆಗ್ತಿದ್ಳು ಕಣೆ" ಎಂದಳು.

ಆಮೇಲೆ ಅವಳು ಮಣಿ ಕೊಳ್ಳಲಿಲ್ಲ. ಯುದ್ಧ ಬಂತು, ಸೀಮೆಯ ಮಣಿ ಬರುವುದೇ ನಿಂತಿತು. ನನ್ನನ್ನು ಬೇತಮಂಗಲದ ಹತ್ತಿರ ಕೊಟ್ಟರು. ಜ್ವರ ಬಂದು ಅಕ್ಕ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಕಳೆದಿತ್ತು. ಆಗ ಅಳಲಿಲ್ಲ. ಕೈಗೂಸು, ಹೊಲದ ಕೆಲಸ, ಅಳುವುದಕ್ಕೆ ಪುರುಸೊತ್ತೆಲ್ಲಿ...

ಈಚೆಗೆ ಒಮ್ಮೆ ಮಗ ಆ ಕಡೆ ಕರೆದುಕೊಂಡು ಹೋಗಿದ್ದ. ನಮ್ಮ ಲೈನು ಇದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಅಕ್ಕನ ಮನೆ ಯಾವುದೆಂದು ಅಂದಾಜಿನ ಮೇಲೆ ನಿಂತು ನೋಡಿದೆ. ಊರವರಿಗೆಲ್ಲ ಮಣಿ ಹಂಚಿದವಳ ಬಾಗಿಲು ಕೊನೆಯವರೆಗೂ ಬರಿದಾಗಿಯೇ ಇತ್ತು. ಈಗ ಆ ಬಾಗಿಲೂ ಇಲ್ಲ.