ಕುಣಿ ಇಲ್ಲದ ಮನೆ

ರಾಜಾಜಿನಗರದ ಬಾಡಿಗೆ ಮನೆಯ ಬಾಗಿಲು ತೆರೆದಾಗ ನಾನು ಮೊದಲು ನೋಡಿದ್ದು ನೆಲವನ್ನು. ಕೆಂಪು ನೆಲ, ಬಾಗಿದರೆ ಮುಖ ಕಾಣುವಷ್ಟು ನುಣುಪು, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಮ. ಒಳಗಿನ ಕೋಣೆಗೆ ಹೋಗಿ ನೋಡಿದೆ, ಅಡುಗೆಮನೆ ನೋಡಿದೆ, ಬಚ್ಚಲನ್ನೂ ಬಿಡಲಿಲ್ಲ. ಕೊನೆಗೆ ನಮ್ಮವರನ್ನು ಕೇಳಿದೆ, "ಕುಣಿ ಎಲ್ಲೈತ್ರೀ?"

ಅವರು ಟ್ರಂಕು ಕೆಳಗಿಟ್ಟು ನಕ್ಕರು. "ಬೆಂಗಳೂರಾಗ ಯಾರ ಮನಿಯೊಳಗೂ ಕುಣಿ ಇರೂದಿಲ್ಲ. ಇಲ್ಲಿ ಮಂದಿ ಕುರ್ಚಿ ಮ್ಯಾಲ ಕುಂದರ್ತಾರ."

ಇಳಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರೂ ಓದಬಹುದೆಂದು ಹೇಳುತ್ತೇನೆ. ನಮ್ಮ ನೇಕಾರರ ಓಣಿಯಲ್ಲಿ ಮನೆ ಎಂದರೆ ಪಡಸಾಲೆ, ಪಡಸಾಲೆ ಎಂದರೆ ಮಗ್ಗ, ಮಗ್ಗದ ಕೆಳಗೆ ಮೊಣಕಾಲು ಮುಳುಗುವಷ್ಟು ಆಳದ ಕುಣಿ. ನೇಯುವವರು ನೆಲದ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಬೇಸಿಗೆಯಲ್ಲಿ ಊರೆಲ್ಲ ಕಾದು ಹೆಂಚಾದರೂ ನೇಯುವವರ ಪಾದ ಮಾತ್ರ ತಣ್ಣಗಿರುತ್ತದೆ. ಅಂಬೆಗಾಲಿಡುವ ಕೂಸು ಕೂಡ ಕುಣಿಯ ಅಂಚಿಗೆ ಬಂದು ತಾನೇ ತಿರುಗಿಕೊಳ್ಳುತ್ತದೆ. ಅದರೊಳಗೆ ಬೀಳುವವರು ಬೀಗರು ಮಾತ್ರ. ಬಸುರಿಯ ಕುಬಸಕ್ಕೋ ಮದುವೆಗೋ ಬಂದ ಪರವೂರವರು ದುಡುಮ್ಮನೆ ಬಿದ್ದರೆ ಓಣಿಗೆ ಓಣಿಯೇ ನಗುತ್ತಿತ್ತು. "ಬೀಗರು ಬಂದ್ರು ನೋಡ್ರೆವಾ!" ಎಂದು ನಾನೂ ಎಷ್ಟೋ ಸಲ ಕೂಗಿದ್ದೇನೆ.

ಲಂಗ ಉಡುವ ವಯಸ್ಸಿನಿಂದ ನಾನು ಅಪ್ಪನ ಮಗ್ಗದಲ್ಲಿ ಕುಳಿತವಳು. ನಮ್ಮವರಿಗೆ ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ. ನೋಡಲು ಬಂದಾಗಲೇ ಕೇಳಿಬಿಟ್ಟಿದ್ದೆ, "ಬೆಂಗಳೂರಿನೊಳಗ ಮಗ್ಗ ಹಾಕಿ ಕೊಡ್ತೀರೇನು?" ಹೂಂ ಎಂದಿದ್ದರು. ಅದಕ್ಕೇ ಒಪ್ಪಿದ್ದೆ. ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆತನದಲ್ಲಿ ಮದುವೆಯ ದಿನ ತಂಗಿಯ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಅವಳ ಮೈಮೇಲೆ ಅಕ್ಕ ನೇಯ್ದ ಚಂದ್ರಕಾಳಿ ಇರಬೇಕು. ಚಂದ್ರಕಾಳಿ ಎಂದರೆ ಕಪ್ಪು ಒಡಲು, ಕೆಂಪು ಸೆರಗಿನ ಮದುಮಗಳ ಸೀರೆ. ಅವ್ವನ ಸೀರೆಯನ್ನು ನೇಯ್ದದ್ದು ದೊಡ್ಡವ್ವ. ನನ್ನ ತಂಗಿ ಗಂಗವ್ವನಿಗೆ ನಾನು ನೇಯಬೇಕಿತ್ತು. ಅವಳ ಮದುವೆ ಗೊತ್ತಾಗಿತ್ತು, ನನಗೆ ಕಾಲಿಡಲು ಕುಣಿ ಇರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ನಾವೆಲ್ಲ ಒಂದಾದೆವು ಎಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಆದರೆ ಅಂಗಡಿಯಲ್ಲಿ ನಾನು "ಸ್ವಲ್ಪ ಶೇಂಗಾ ಕೊಡ್ರೀ" ಎಂದರೆ ಅಂಗಡಿಯವನು ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದ. ಒಂದು ದಿನ ಬೆರಳು ತೋರಿಸಿದಾಗ, "ಓ, ಕಡ್ಲೆಕಾಯಿ ಬೀಜನಾ! ನೀವು ಯಾವ್ ಕಡೆಯೋರು, ಬಾಂಬೆನಾ?" ಎಂದ. ಮೈಯೆಲ್ಲ ಉರಿಯಿತು. ಕನ್ನಡ ನಾಡಿನಲ್ಲಿ ಕನ್ನಡ ಮಾತಾಡಿ ಬಾಂಬೆಯವಳೆನಿಸಿಕೊಳ್ಳುವುದೆಂದರೆ ಏನು ಹಣೆಬರಹ!

ನಮ್ಮದು ಸಾಲಾಗಿ ಮೂರು ಮನೆಗಳ ವಠಾರ. ಪಕ್ಕದ ಮನೆಯಲ್ಲಿ ಸೆಲ್ವಿ, ಸೇಲಂ ಕಡೆಯವಳು, ಗಂಡ ಮಿಲ್ಲಿನಲ್ಲಿ. ಕೊನೆಯ ಮನೆಯಲ್ಲಿ ಯಜಮಾನಿ ರಂಗಮ್ಮ, ಇಲ್ಲಿಯದೇ ಹಳೆಯ ಒಕ್ಕಲು ಮನೆತನದವರು, ಗಂಡನಿಲ್ಲ. ಬೆಳಿಗ್ಗೆ ಒಂದೇ ನಲ್ಲಿಯ ಮುಂದೆ ಮೂರು ಬಿಂದಿಗೆ ಕೂಡುತ್ತಿದ್ದವು. ಸೆಲ್ವಿಯ ಮನೆಯಿಂದ ಇಡ್ಲಿಯ ಹಬೆ, ರಂಗಮ್ಮನವರ ಮನೆಯಿಂದ ಬಸ್ಸಾರಿನ ಘಮ, ನನ್ನ ಮನೆಯಿಂದ ರೊಟ್ಟಿ ಬಡಿಯುವ ಸದ್ದು. ಮೊದಲ ದಿನ ಆ ಸದ್ದು ಕೇಳಿ ರಂಗಮ್ಮನವರು ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಗೋಡೆಗೆ ಮೊಳೆ ಒಡೀಬೇಡ ಅಂತ ಯೋಳಿರ್ನಿಲ್ವಾ?"

"ಮೊಳೆ ಅಲ್ರೀ, ರೊಟ್ಟಿ."

ಅವರು ಅಡುಗೆಮನೆಗೇ ನುಗ್ಗಿ, ನನ್ನ ಅಂಗೈ ಕೆಳಗೆ ಹಿಟ್ಟಿನ ಮುದ್ದೆ ಅಗಲವಾಗುವುದನ್ನು ನೋಡುತ್ತ ನಿಂತರು. "ಅಯ್ಯೋ ಸಿವ್ನೆ, ಇಟ್ಟನ್ನ ಯಾಕವ್ವ ಇಂಗ್ ಒಡೀತೀಯ? ಉಂಡೆ ಕಟ್ಟಿ ನುಂಗಕ್ಕಾಗಲ್ವಾ?" ಎಂದರು. ಆಮೇಲೆ ಎರಡು ರೊಟ್ಟಿ ತಿಂದು ಹೋದರು.

ಜಗಳಗಂಟಿ ಎನಿಸುತ್ತಿದ್ದರೂ ಒಳ್ಳೆಯವರು. ಆದರೆ ನೆಲದ ವಿಷಯ ಬಂದರೆ ಮಾತ್ರ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದರು. ಒನಕೆ ಕುಟ್ಟಬಾರದು, ಸೀಮೆಎಣ್ಣೆ ಚೆಲ್ಲಬಾರದು, ಟ್ರಂಕು ಎಳೆಯಬಾರದು. ವಾರಕ್ಕೊಮ್ಮೆ ತಾವೇ ಬಂದು ಕೊಬ್ಬರಿಎಣ್ಣೆ ಹಚ್ಚಿ ನೆಲ ಉಜ್ಜಿ ಹೋಗುತ್ತಿದ್ದರು. ನಾನು ಬಾಡಿಗೆಗೆ ಇದ್ದೇನೋ ಅವರ ನೆಲದ ಕಾವಲಿಗೆ ಇದ್ದೇನೋ ತಿಳಿಯುತ್ತಿರಲಿಲ್ಲ.

ಅಪ್ಪ ಲಾರಿಯಲ್ಲಿ ಇನ್ನೊಂದು ಮಗ್ಗದ ಮರಮುಟ್ಟು ಕಳಿಸಿದ. ಅದು ಗೋಡೆಗೆ ಒರಗಿ ನಿಂತೇ ಇತ್ತು. ಮಧ್ಯಾಹ್ನ ಓಣಿಯಲ್ಲಿ ಎಲ್ಲ ಮನೆಗಳಿಂದ ಲಾಳಿಯ ಲಟಕ್ ಪಟಕ್ ಕೇಳುತ್ತಿದ್ದುದು ನೆನಪಾಗಿ ಅಳು ಬರುತ್ತಿತ್ತು. ಇಲ್ಲಿ ಮಧ್ಯಾಹ್ನವೆಂದರೆ ಕಾಗೆ, ಕಾರ್ಖಾನೆಯ ಸೈರನ್, ಅಷ್ಟೆ. ಬಾಯಿಬಿಟ್ಟು ಹೇಳುತ್ತೇನೆ, ನನಗೆ ಊರು ಬೇಕಾಗಿತ್ತು.

ಆ ವರ್ಷ ಸ್ವಾತಂತ್ರ್ಯ ದಿನ ನಮ್ಮವರು ಕಾರ್ಖಾನೆಯಿಂದ ಲಾಡು ಹಿಡಿದು ಖುಷಿಯಿಂದ ಬಂದರು. ಮಾಲೀಕರು ಭಾಷಣ ಮಾಡಿದರಂತೆ. "ಹಲವು ಜನ, ಹಲವು ಮಾತು ಇರೋ ದೇಶ ನಮ್ದು. ಹಳೇದನ್ನ ಉಳಿಸಬೇಕು, ಹೊಸಾದನ್ನ ತರಬೇಕು ಅಂದ್ರು. ಭಾಳ ಛಲೋ ಮಾತಾಡಿದ್ರು."

"ಛಲೋ ಆತು," ಎಂದೆ. "ಹಳೇದನ್ನ ಎಲ್ಲಿ ಉಳಸ್ಬೇಕಂತ ಕೇಳ್ಕೊಂಡು ಬಂದ್ರೇನು? ಕುಣಿ ಎಲ್ಲಿ ತೋಡ್ಲಿ ನಾನು?"

"ಮತ್ತ ಅದ ಹಾಡು! ಪವರ್‌ಲೂಮ್ ಸೀರಿ ಪ್ಯಾಟ್ಯಾಗ ಬೇಕಾದಷ್ಟು ಸಿಗ್ತಾವ. ಒಂದು ತಂದು ಕೊಡೂಣು."

ಲಾಡು ಅವರ ಮುಂದೆಯೇ ಕುಕ್ಕಿದೆ. ಮೂರನೆಯ ದಿನ ಅವರು ಡ್ಯೂಟಿಗೆ ಹೋದ ಮೇಲೆ ಸೆಲ್ವಿಯ ಮನೆಯಿಂದ ಹಾರೆ ತಂದೆ. ಕಿಟಕಿಯ ಕೆಳಗೆ, ಬೆಳಕು ಬೀಳುವ ಕಡೆ, ಸುಣ್ಣದಲ್ಲಿ ಅಳತೆ ಎಳೆದೆ. ನೆಲಕ್ಕೆ ಕೈಮುಗಿದು ಒಂದು ಏಟು ಹಾಕಿದೆ.

ರಂಗಮ್ಮನವರು ಬೈಯುತ್ತಾರೆಂದು ಗೊತ್ತಿತ್ತು, ಆದರೆ ಇದು ಸರಿಪಡಿಸಲಾಗದ ತಪ್ಪೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಹೊಸ ಮನೆಗೆ ಬಂದವರು ಮೊದಲು ಮಾಡುವ ಕೆಲಸವೇ ಅದು. ಬಿಟ್ಟುಹೋಗುವಾಗ ಮಣ್ಣು ತುಂಬಿ, ಸಗಣಿ ಸಾರಿಸಿದರೆ ಆಯಿತು, ನೆಲ ಮೊದಲಿನಂತೆಯೇ. ಸಿಮೆಂಟಿನ ನೆಲ ಹಾಗೆ ಕೂಡಿಕೊಳ್ಳುವುದಿಲ್ಲ ಎಂಬುದು, ಹಾರೆ ಮಂಕರಿ ಅಗಲದ ಚಕ್ಕೆ ಎಬ್ಬಿಸಿದ ಮೇಲೂ ನನ್ನ ತಲೆಗೆ ಹೋಗಲಿಲ್ಲ. ಬಾಗಿಲಲ್ಲಿ ರಂಗಮ್ಮನವರು ನಿಂತಿದ್ದರು.

"ಅಯ್ಯಯ್ಯೋ, ನನ್ ನೆಲಾ!"

ಅವರ ಬಾಯಿಂದ ಬಂದ ಬೈಗುಳವನ್ನೆಲ್ಲ ಬರೆಯಲಾರೆ. ನಾನೂ ಸುಮ್ಮನಿರುವವಳಲ್ಲ, ಏರಿದ ದನಿಯಲ್ಲೇ ಮಗ್ಗ, ತಂಗಿ, ಸೀರೆ ಎಲ್ಲ ಹೇಳಿದೆ. ಸಂಜೆಯೊಳಗೆ ಮನೆ ಖಾಲಿ ಮಾಡಿ ಎಂದು ಕಿರುಚಿದವರು ಇದ್ದಕ್ಕಿದ್ದಂತೆ ಆ ಕಿತ್ತ ಜಾಗದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಚೂರುಗಳನ್ನು ಒಂದೊಂದಾಗಿ ಮೊದಲಿದ್ದಲ್ಲೇ ಜೋಡಿಸತೊಡಗಿದರು. ಅವರು ಅಳುತ್ತಿದ್ದರು.

"ಎರಡೆಕ್ರೆ ರಾಗಿ ಒಲ ಇತ್ತು ಕಣವ್ವ ನಮ್ದು. ಲೇಔಟ್ ಮಾಡ್ತೀವಿ ಅಂತ ತಗೊಂಡ್ರು. ಆ ಕಾಸಲ್ಲಿ ನಮ್ ಯಜಮಾನ್ರು ಈ ಮನೆ ಕಟ್ಟುದ್ರು, ಈ ನೆಲ ಆಕುದ್ರು. ಒಲ ಓದ್ಮೇಕೆ ನಂಗುಳ್ಕಂಡಿರೋ ನೆಲ ಅಂದ್ರೆ ಇದೇ ಅಲ್ವಾ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇವರು ಊರಿನಲ್ಲೇ ಇದ್ದು ಊರು ಕಳೆದುಕೊಂಡವರು. ಅವರ ಹೊಲಕ್ಕೆ ನಗರವೇ ನಡೆದು ಬಂದಿತ್ತು. ನಾನೂ ಪಕ್ಕದಲ್ಲಿ ಕುಳಿತು ಚೂರು ಆರಿಸಿ ಕೊಟ್ಟೆ.

ಮನೆ ಖಾಲಿ ಮಾಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಸಂಜೆ ನಮ್ಮವರನ್ನು ನಿಲ್ಲಿಸಿಕೊಂಡು ಚೆನ್ನಾಗಿ ಜಾಡಿಸಿದರು. "ಫಿಟ್ಟರ್ ಅಂತೀಯ, ನೆಲ ಅಗೀದೆ ಒಂದ್ ಮಗ್ಗ ನಿಲ್ಸಕ್ ಬರಲ್ವೇನಯ್ಯಾ ನಿಂಗೆ? ಎಂಡ್ತಿಗೆ ಕೊಟ್ಟ್ ಮಾತಿಗೆ ಬೆಲೆ ಬ್ಯಾಡ್ವಾ?"

ಆ ಮಾತು ನಮ್ಮವರಿಗೆ ನಾಟಿತು. ರಜೆಯ ದಿನಗಳಲ್ಲಿ ಗುಜರಿಯ ಕಬ್ಬಿಣ ತಂದು, ಅಪ್ಪ ಕಳಿಸಿದ ಮರಕ್ಕೆ ಕಾಲು ಕೂಡಿಸಿ, ಕುಣಿ ಬೇಡದ ಮಗ್ಗ ನಿಲ್ಲಿಸಿದರು. ಅದು ಬಹಳ ಉದ್ದವಾಗಿ, ಕಿಟಕಿಯ ಕೆಳಗೆ ಹಿಡಿಸದೆ, ಬಾಗಿಲ ಕಡೆಯ ಗೋಡೆಗೇ ಬಂತು. ಬೆಂಚಿನ ಮೇಲೆ ಕುಳಿತು ನೇಯಬೇಕು. ಮೊದಲ ದಿನ ಕಾಲು ಗಾಳಿಯಲ್ಲಿ ತೇಲಾಡಿತು, ಸೊಂಟ ಹಿಡಿಯಿತು, ದಾರ ಹರಿಯಿತು. "ಇದು ಮಗ್ಗಲ್ರೀ, ಸೈಕಲ್ಲು," ಎಂದು ಬೈದೆ. ಆದರೂ ಬಿಡಲಿಲ್ಲ.

ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಎಂದರೆ ಮಗ್ಗಕ್ಕೆ ಬಿಗಿಯುವ ಉದ್ದ ಎಳೆಗಳು, ಸೆರಗಿಗೆ ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಒಬ್ಬರಿಂದ ಆಗುವ ಕೆಲಸವಲ್ಲ, ಊರಿನಲ್ಲಾದರೆ ಅವ್ವ, ಗಂಗವ್ವ ಕೂಡುತ್ತಿದ್ದರು. ಇಲ್ಲಿ ಸೆಲ್ವಿ ಬಂದು ಹಾಸು ಬಿಗಿಹಿಡಿದಳು. "ಅಕ್ಕಾ, ನಮ್ ಊರಲ್ಲಿ ನನ್ ತಾತಾನೂ ತರಿ ಹಾಕ್ತಾ ಇದ್ರು," ಎಂದಳು. ತರಿ ಎಂದರೆ ಅವರ ಮಾತಿನಲ್ಲಿ ಮಗ್ಗ. ಅವಳು ಎಳೆ ಹಿಡಿದ ರೀತಿಯಲ್ಲೇ ನನಗೆ ಗೊತ್ತಾಗಿತ್ತು. ರಂಗಮ್ಮನವರು ದೀಪ ಹಿಡಿಯಲು ಬಂದವರು ಹಾಸಿನ ಬಣ್ಣ ನೋಡಿ ಬೆಚ್ಚಿದರು.

"ಮದ್ವೆ ಎಣ್ಗೆ ಕರೀ ಸೀರೆನಾ? ಅಪಸಕುನ! ಇದ್ಯಾವ್ ಸೀಮೆ ಶಾಸ್ತ್ರನವ್ವ ನಿಮ್ದು?"

"ನಮಗ ಇದೇ ಶುಭಾರೀ. ದೃಷ್ಟಿ ತಾಗಬಾರ್ದಂತ."

ಅವರಿಗೆ ಸಮಾಧಾನವಾಗಲಿಲ್ಲ. ಒಳಗೆ ಹೋಗಿ ಅರಿಶಿನ ಕಲಸಿ ತಂದು, ಹಾಸಿನ ಅಂಚಿನ ನಾಲ್ಕು ಎಳೆಗೆ ಹಚ್ಚಿದರು. "ಈಗ ನೇಯಿ," ಎಂದರು. ಸೀರೆ ಮುಗಿದಾಗ ಆ ಹಳದಿ ಒಂದು ಮೂಲೆಯಲ್ಲಿ ಹಾಗೆಯೇ ಉಳಿದಿತ್ತು.

ಮದುವೆಗೆ ಊರಿಗೆ ಹೊರಟಾಗ ರಂಗಮ್ಮನವರು ಕಿತ್ತ ನೆಲಕ್ಕೆ ತೇಪೆ ಹಾಕಿಸುತ್ತಿದ್ದರು. ಬಸ್ಸಿನಲ್ಲಿ ಸೀರೆಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಓಣಿಯ ತಿರುವಿನಲ್ಲಿ ಲಾಳಿಯ ಸದ್ದು ಕೇಳಿದ್ದೇ ತಡ, ಓಡುನಡಿಗೆಯಲ್ಲಿ ಹೋದೆ. "ಅವ್ವಾ! ಗಂಗೀ! ತಂದೀನಿ ನೋಡು!" ಎಂದು ಹೊಸ್ತಿಲು ದಾಟಿ ನೇರ ನುಗ್ಗಿದೆ.

ದುಡುಮ್ಮನೆ ಬಿದ್ದೆ. ಅಪ್ಪನ ಮಗ್ಗದ ಕುಣಿಯೊಳಗೆ.

ಮೊಣಕಾಲು ತರಚಿತ್ತು. ಸೀರೆಯ ಗಂಟನ್ನು ಮಾತ್ರ ಕೈಯೆತ್ತಿ ಮೇಲೆ ಹಿಡಿದಿದ್ದೆ. ಮನೆ ತುಂಬ ನೆಂಟರು ಗೊಳ್ಳೆಂದು ನಕ್ಕರು. ಯಾರೋ ಕೂಗಿದರು, "ಬೀಗರು ಬಂದ್ರು ನೋಡ್ರೆವಾ!" ನಾನೂ ನಕ್ಕೆ. ಅವ್ವ ನಗಲಿಲ್ಲ. ಕೈಹಿಡಿದು ಎತ್ತಿ, ಮಣ್ಣು ಕೊಡವಿ, ಕಿವಿಯ ಹತ್ತಿರ ಬಾಗಿ, "ಕಾಲು ಮರತ್ವಲ್ಲ ತಾಯಿ," ಎಂದಳು. ಗಂಗವ್ವ ಆ ಚಂದ್ರಕಾಳಿ ಉಟ್ಟು ಅಕ್ಕಿಕಾಳಿಗೆ ನಿಂತಾಗ ನಾನು ಮೂಲೆಯ ಹಳದಿಯನ್ನು ನೋಡುತ್ತ ಅತ್ತೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ರಾಜಾಜಿನಗರಕ್ಕೆ ಮರಳಿದಾಗ ಕಿಟಕಿಯ ಕೆಳಗಿನ ತೇಪೆ ಒಣಗಿತ್ತು. ಹೊಸ ಕೆಂಪು ಹಳೆಯ ಕೆಂಪಿಗೆ ಕೂಡಿರಲಿಲ್ಲ. ಬಿಂದಿಗೆ ಹೊತ್ತು ಅಡುಗೆಮನೆಗೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ರಂಗಮ್ಮನವರು ಕೇಳಿದರು, "ಯಾಕವ್ವ ಅಂಗ್ ಸುತ್ತಾಕ್ಕೊಂಡ್ ಓಯ್ತೀಯ? ನೆಲ ಒಣಗೈತೆ, ತುಳಿ, ಏನೂ ಆಗಲ್ಲ."

ಕೆಳಗೆ ನೋಡಿದೆ. ನಾನು ಆ ತೇಪೆಯ ಅಂಚಿಗೆ ಬಂದು, ಬಳಸಿಕೊಂಡು ಹೋಗುತ್ತಿದ್ದೆ. ಇವತ್ತಿಗೂ ಹಾಗೆಯೇ ಹೋಗುತ್ತೇನೆ.