ಚಸ್ಮಾದ ಗುರಪ್ಪನವರ ಸಂಶಯ

1991, ನವೆಂಬರ್ 17, ಭಾನುವಾರ. ಮಧ್ಯಾಹ್ನ ಮೂರೂವರೆಗೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ.

ಚಸ್ಮಾದ ಗುರಪ್ಪನವರು ಗಿರಾಕಿಯ ಕಣ್ಣು ನೋಡುವ ಮೊದಲು ಅಂಗೈ ನೋಡುತ್ತಿದ್ದರು. "ಕೈ ತೋರಸ್ರಿ" ಅನ್ನುವರು. ಹೊಸಬರು ಇವರೇನು ಭವಿಷ್ಯ ಹೇಳುವವರೋ ಎಂದು ಬಲಗೈ ಚಾಚಿದರೆ "ಎರಡೂ" ಅನ್ನುವರು. ಹಿಂದೊಮ್ಮೆ ಒಬ್ಬ ಲಾರಿ ಡ್ರೈವರ್ ಗೆಳೆಯನಿಂದ ಕಣ್ಣು ಪರೀಕ್ಷೆಯ ಗೋಡೆಯ ಅಕ್ಷರಗಳನ್ನೆಲ್ಲ ಅಂಗೈಯಲ್ಲಿ ಬರೆಸಿಕೊಂಡು ಬಂದು, ಕೆಳಗಿನ ಸಾಲಿನವರೆಗೆ ಗಡಗಡ ಓದಿ ಹೋಗಿದ್ದನಂತೆ. ಅವನು ಹೋದ ಮೇಲೆ ಕುರ್ಚಿಯ ಕೈಗೆ ಶಾಯಿ ಹತ್ತಿದ್ದು ನೋಡಿ ಇವರಿಗೆ ಗೊತ್ತಾಯಿತು. ಅಂದಿನಿಂದ ಎಲ್ಲರ ಕೈಯನ್ನೂ ನೋಡುವ ಪದ್ಧತಿ. ನನ್ನ ಕೈಯನ್ನೂ ನೋಡಿದ್ದಾರೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ.

ಝುವಾರಿನಗರದ ಬಸ್ ನಿಲ್ದಾಣದ ಎದುರು ಅವರ ತಗಡಿನ ಅಂಗಡಿ. ಗದಗಿನ ಕಡೆಯವರು, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಾಚು, ಅಂದರೆ ಚಸ್ಮಾದ ಗಾಜು, ತಿಕ್ಕುವುದನ್ನು ಕಲಿತು ಗೋವಾಕ್ಕೆ ಬಂದವರು. ಅಂಗಡಿಯ ಉದ್ದ ಸಾಲದ್ದರಿಂದ ಅಕ್ಷರದ ಹಲಗೆಯನ್ನು ಗಿರಾಕಿಯ ಬೆನ್ನ ಹಿಂದೆ ತೂಗುಹಾಕಿ, ಎದುರಿಗೆ ಕನ್ನಡಿ ಇಟ್ಟಿದ್ದರು. ಹಲಗೆಯ ಮೇಲೆ ಅಕ್ಷರಗಳನ್ನು ಉಲ್ಟಾ ಬರೆದಿದ್ದರು; ಕನ್ನಡಿಯಲ್ಲಿ ಮಾತ್ರ ಅವು ನೆಟ್ಟಗೆ ಕಾಣುತ್ತಿದ್ದವು. ಜನ ಬಾಯಿಪಾಠ ಮಾಡುತ್ತಾರೆಂದು ಆಗಾಗ ಹಲಗೆ ಬದಲಿಸುವರು. ಅಷ್ಟೂ ಸಾಲದೆಂದು ಪರೀಕ್ಷೆಯ ನಡುವೆ ನಂಬರೇ ಇಲ್ಲದ ಸಾದಾ ಕಾಚು ಹಾಕಿ "ಈಗ ಹೆಂಗ ಕಾಣತೈತಿ?" ಎಂದು ಕೇಳುವರು. "ಭಾಳ ಚಲೋ ಕಾಣತೈತ್ರಿ" ಅಂದವರ ಕಡೆ ಮುಖ ಓರೆ ಮಾಡಿ ನೋಡುವರು.

ಡಬ್ಬಿಯ ಮೇಲೆ ಅಚ್ಚಾದ ನಂಬರನ್ನೂ ಅವರು ನಂಬುತ್ತಿರಲಿಲ್ಲ. ವಾಸ್ಕೋದಿಂದ ತಂದ ಪ್ರತಿ ಕಾಚನ್ನೂ ಕಿಟಕಿಗೆ ಎತ್ತಿ ಹಿಡಿದು, ಕಬ್ಬಿಣದ ಸರಳಿನ ಕಡೆ ನೋಡುತ್ತ ಅತ್ತಿತ್ತ ಸರಿಸುವರು. ನನಗೂ ಒಮ್ಮೆ ತೋರಿಸಿದರು.

"ನೋಡು ಮುಮತಾಜವ್ವ, ಕಾಚು ಸರಿಸಿದ ಕಡೇನ ಸರಳು ಓಡಿತು ಅಂದ್ರ ಮೈನಸ್. ಎದುರಿಗೆ ಓಡಿತು ಅಂದ್ರ ಪ್ಲಸ್. ಸರಳು ನಿಂತಲ್ಲೆ ನಿಂತೈತಿ, ಓಡಾಕತ್ತಿದ್ದು ಬೆಳಕು. ಬೆಳಕು ಕಾಚಿನೊಳಗ ಹೊಕ್ಕು ಹೊರಗ ಬರೂದ್ರಾಗ ಹಾದಿ ಬಿಟ್ಟಿರತೈತಿ. ಅದನ್ನ ಎಷ್ಟು ಬಿಟ್ಟೈತಿ ಅಂತ ಹಿಡಿಯೂದ ನನ್ನ ಕೆಲಸ."

"ಪೊಲೀಸ್ರ ಕೆಲಸ ಇದ್ದಂಗ ಐತಲ್ರಿ ಕಾಕಾ" ಅಂದೆ.

"ಪೊಲೀಸ್ರು ಬಿಟ್ಟುಬಿಡತಾರ" ಅಂದರು. ನಗಲಿಲ್ಲ.

ಅವರ ಸಂಶಯ ಯಾವಾಗಲೂ ಸರಿಯಿರುತ್ತಿತ್ತು ಎಂದೇನಲ್ಲ. ನಮ್ಮ ಮನೆಗಳ ಸಾಲಿನಲ್ಲಿ ಬಟ್ಟೆ ಹೊಲಿಯುವ ಕಸ್ತೂರವ್ವ ಹೊಸ ಚಸ್ಮಾ ಹಾಕಿಕೊಂಡ ಮರುದಿನವೇ ಬಂದು, "ಗುರಪ್ಪಣ್ಣ, ಹೊಲಿಗಿ ಎಲ್ಲಾ ಸೊಟ್ಟ ಕಾಣತಾವು. ನೆಟ್ಟಗ ಕಂಡದ್ದು ಚಸ್ಮಾ ತೆಗದು ನೋಡಿದ್ರ ಸೊಟ್ಟ ಇರತೈತಿ" ಅಂದಳು. ಗುರಪ್ಪನವರು ಕೇಳಿದ ಮೊದಲ ಮಾತು, "ಇದು ಯಾರ ಚಸ್ಮಾ?" ಆ ದಿನಗಳಲ್ಲಿ ಒಂದೊಂದು ಚಸ್ಮಾ ಮೂರು ಮನೆಗೆ ತಿರುಗುತ್ತಿತ್ತು, ಊರಿನ ಕಾಗದ ಓದಲಿಕ್ಕೆ ಒಬ್ಬರು, ಅಕ್ಕಿ ಆರಿಸಲಿಕ್ಕೆ ಒಬ್ಬರು. ಕಸ್ತೂರವ್ವನ ಪಿತ್ತ ನೆತ್ತಿಗೇರಿತು. "ನಿನ್ನ ಕೈಯಿಂದನ ನಿನ್ನೆ ಹಾಕ್ಕೊಂಡೇನೋ ಮೂಳ!" ಎಂದು ಚಸ್ಮಾ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅವರು ಅದನ್ನೆತ್ತಿ ಕಿಟಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ಆಮೇಲೆ ಸ್ಕ್ರೂ ಸಡಿಲಿಸಿ, ಬಲಗಡೆಯ ಕಾಚನ್ನು ಒಂದಿಷ್ಟು ತಿರುವಿ ಕೂಡಿಸಿದರು. ತಪ್ಪು ಅವರದೇ. "ಕಾಚು ತಿರಿಗಿತ್ತು" ಅಂದರು, ಕಾಚು ತಾನಾಗಿ ತಿರುಗಿದ್ದ ಹಾಗೆ.

ಇನ್ನು ನಮ್ಮ ಅಬ್ಬಾನ ವಿಷಯ. ಗುರಪ್ಪನವರ ಬಗ್ಗೆ ಬರೆಯಬೇಕಾದದ್ದು ಅದಕ್ಕೇ.

ಅಬ್ಬಾ ಲಾರಿ ಡ್ರೈವರ್. ಸಾಂಕೋಲೆಯಿಂದ ಮಾಲು ಹೇರಿಕೊಂಡು ಮೊಲೆಂ ದಾಟಿ, ಘಾಟು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವುದು. ಓದಲಿಕ್ಕೆ ಮಾತ್ರ ಚಸ್ಮಾ ಬೇಕಾಗುತ್ತಿತ್ತು. 1989ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅವರು ಚಸ್ಮಾ ಇಲ್ಲದೆ ಹುಬ್ಬಳ್ಳಿಯ ಪತ್ರಿಕೆಯನ್ನು ಹಿಡಿದು ಸಣ್ಣ ಅಕ್ಷರಗಳನ್ನು ಓದಿದರು. ಮನೆಮಂದಿಯೆಲ್ಲ ಸುತ್ತ ನಿಂತೆವು. ಮೊಲೆಂ ನಾಕಾದ ಹತ್ತಿರ ಲಾರಿ ನಿಂತಾಗ ಒಬ್ಬನಿಂದ ಅಡವಿ ಜೇನು ಕೊಂಡು, ದಿನಾ ಬೆಳಿಗ್ಗೆ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಳ್ಳುತ್ತಿದ್ದರು. ಅದರ ಗುಣ ಎಂದು ಎಲ್ಲರೂ ನಂಬಿದೆವು. ವಾರದೊಳಗೆ ನಮ್ಮ ಸಾಲಿನ ಅರ್ಧ ಜನ ಬೆಳಗಿನ ಹೊತ್ತು ಕಣ್ಣೀರು ಸುರಿಸುತ್ತ ಕೂರತೊಡಗಿದರು. ಕಸ್ತೂರವ್ವ ತನ್ನ ಚಸ್ಮಾವನ್ನು ಗೂಟಕ್ಕೆ ತೂಗುಹಾಕಿದಳು.

ಅಬ್ಬಾಗೆ ಇದನ್ನು ಗುರಪ್ಪನವರ ಮುಂದೆ ಓದಿ ತೋರಿಸಬೇಕೆಂಬ ಆಸೆ. ಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಹೋದರು, ಹಿಂದೆ ನಾನು, ಅಬ್ಬಾನ ಲಾರಿಯ ಕ್ಲೀನರ್ ಫಕೀರಪ್ಪಜ್ಜ, ಇನ್ನೊಂದಿಷ್ಟು ಜನ. ಅಬ್ಬಾ ಸಿನೆಮಾ ಜಾಹೀರಾತಿನ ಕೆಳಗಿನ ಪುಡಿ ಅಕ್ಷರ ಕೂಡ ಓದಿದರು.

"ನಿಮ್ಮ ಅಂಗಡಿಗೆ ಇನ್ನ ಕೀಲಿ ಹಾಕ್ರಿ ಗುರಪ್ಪಣ್ಣಾರ" ಎಂದು ಫಕೀರಪ್ಪಜ್ಜ ಅಂದಾಗ ಎಲ್ಲರೂ ನಕ್ಕರು.

ಗುರಪ್ಪನವರು ನಗುವವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, ಅಬ್ಬಾನನ್ನು ಬಾಗಿಲಿಗೆ ಕರೆದು ನಿಲ್ಲಿಸಿದರು. "ದಸ್ತಗೀರಸಾಬ್ರ, ಅಲ್ಲಿ ಬರಾಕತ್ತೈತಲ್ಲ, ಆ ಬಸ್ಸಿನ ಬೋರ್ಡ ಓದ್ರಿ."

"ವಾಸ್ಕೋ" ಅಂದರು ಅಬ್ಬಾ, ತಡಮಾಡದೆ.

ಬಸ್ಸು ಹತ್ತಿರ ಬಂತು. ಅದು ಕಾರ್ಖಾನೆಯ ಬಸ್ಸು. ಅದಕ್ಕೆ ಬೋರ್ಡೇ ಇರಲಿಲ್ಲ.

ಯಾರೋ ಕಿಸಕ್ಕೆಂದರು. ಅಬ್ಬಾನ ಕಿವಿ ಕೆಂಪಾಯಿತು. ಗುರಪ್ಪನವರು ಏನೂ ಆಗಿಲ್ಲವೆಂಬಂತೆ ಅವರನ್ನು ಕೂಡಿಸಿ, ಖಾಲಿ ಫ್ರೇಮಿಗೆ ಒಂದಾದ ಮೇಲೊಂದು ಮೈನಸ್ ಕಾಚು ಹಾಕುತ್ತ ಹೋದರು. ಒಂದು ಕಾಚು ಹಾಕಿದಾಗ ಅಬ್ಬಾ ಬಾಗಿಲಿನತ್ತ ಮುಖ ತಿರುಗಿಸಿದರು. ಬಾಗಿಲಾಚೆಯ ತೆಂಗಿನ ಮರವನ್ನೇ ನೋಡುತ್ತಿದ್ದರು. "ಗರಿ ಬ್ಯಾರೆಬ್ಯಾರೆ ಕಾಣಾಕತ್ತಾವು" ಅಂದರು.

"ರಾತ್ರಿ ಎದುರಿನ ಲಾರಿ ದೀಪ ಒಂದಕ್ಕ ಎರಡು ಕಾಣತಾವೇನ್ರಿ?"

ಅಬ್ಬಾ ಫ್ರೇಮು ತೆಗೆದು ಮೇಜಿನ ಮೇಲಿಟ್ಟರು. ಫಕೀರಪ್ಪಜ್ಜ ಕೆಳಗೆ ನೋಡಿದ.

ಗುರಪ್ಪನವರು ಪಕ್ಕದ ಹೋಟೆಲಿನಿಂದ ಎರಡು ಗ್ಲಾಸು ತರಿಸಿದರು, ಒಂದರಲ್ಲಿ ನೀರು, ಒಂದರಲ್ಲಿ ಜಿಲೇಬಿಯ ಪಾಕ. ಎರಡಕ್ಕೂ ಒಂದೊಂದು ಊದುಬತ್ತಿಯ ಕಡ್ಡಿ ಓರೆಯಾಗಿ ಇಳಿಬಿಟ್ಟರು. ನೀರಿನಲ್ಲಿ ಕಡ್ಡಿ ತುಸು ಮುರಿದಂತೆ ಕಂಡಿತು. ಪಾಕದಲ್ಲಿ ಅದಕ್ಕಿಂತ ಹೆಚ್ಚು ಮುರಿದಿತ್ತು.

"ಕಣ್ಣಿನೊಳಗೂ ಒಂದು ಕಾಚು ಐತ್ರಿ, ದೇವ್ರು ಹಾಕಿದ್ದು. ನಿಮ್ದು ನೀರಿದ್ದದ್ದು ಪಾಕ ಆಗಾಕತ್ತೈತಿ. ಬೆಳಕು ಹೆಚ್ಚಿಗಿ ಬಾಗಾಕತ್ತೈತಿ. ಅದಕ್ಕ ಹತ್ತಿರದ್ದು ಚಲೋ ಕಾಣತೈತಿ, ದೂರದ್ದು ಹೋಗೈತಿ. ಜೇನು ಗೀನು ಏನೂ ಅಲ್ಲ. ಇದು ಮೋತಿಬಿಂದು, ಕಣ್ಣಿನ ಪೊರಿ, ಸುರು ಆಗೂ ಲಕ್ಷಣ. ದೊಡ್ಡಾಸ್ಪತ್ರಿಗೆ ಹೋಗ್ರಿ."

"ಅದು ಇರಲ್ರಿ. ಈಗ ಹಾಕಿದ್ರಲ್ಲ, ಆ ನಂಬರಿಂದು ಒಂದು ಚಸ್ಮಾ ಮಾಡಿಕೊಡ್ರಿ."

"ಕೊಡಂಗಿಲ್ಲ."

"ಯಾಕ?"

"ಕೊಟ್ಟರ ನೀವು ಘಾಟು ಹತ್ತತೀರಿ. ಹಗಲು ಕಂಡದ್ದು ರಾತ್ರಿ ಕಾಣೂದಿಲ್ಲ, ಈ ತಿಂಗಳ ನಂಬರು ಮುಂದಿನ ತಿಂಗಳಿಗೆ ಬರೂದಿಲ್ಲ. ನಾ ನಿಮ್ಮನ್ನ ನಂಬೂದಿಲ್ಲ, ಸಾಬ್ರ."

ಆ ಮಾತನ್ನು ಅಷ್ಟು ಜನರ ಎದುರು ಅಂದುಬಿಟ್ಟರು. ಅಬ್ಬಾ ಪತ್ರಿಕೆ ಮಡಚಿಕೊಂಡು ಹೊರಟುಬಂದರು. ಜೇನಿನಿಂದ ಧಂದೆ ಕೆಟ್ಟಿತೆಂದು ಗುರಪ್ಪನಿಗೆ ಹೊಟ್ಟೆಕಿಚ್ಚು ಎಂದು ಸಾಲಿನವರೆಲ್ಲ ಅಂದರು. ನಾನೂ ಆ ದಿನದ ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ. ಅಬ್ಬಾ ಮರುದಿನ ಎಂದಿನಂತೆ ಲಾರಿ ತೆಗೆದುಕೊಂಡು ಹೋದರು.

ಮುಂದಿನ ಶನಿವಾರ ಪಾತ್ರಾಂವ ಅಬ್ಬಾನನ್ನು ಕರೆಸಿದ. ಗೋವಾದಲ್ಲಿ ಮಾಲೀಕನಿಗೆ ಪಾತ್ರಾಂವ ಅನ್ನುತ್ತಾರೆ. ಈತ ಲಾರಿಗಳ ಮಾಲೀಕ. ಲಾರಿಯ ಕೀಲಿ ಇಸಿದುಕೊಂಡು, ಆಸ್ಪತ್ರೆಯಿಂದ ಕಣ್ಣಿನ ಚೀಟಿ ತಂದರೆ ಮಾತ್ರ ವಾಪಸ್ ಎಂದ. ಯಾರು ಹೇಳಿದರು ಎಂದು ಅಬ್ಬಾ ಕೇಳಿದ್ದಕ್ಕೆ, "ತುಕಾ ಕಿತ್ಯಾಕ್?" ಅಂದನಂತೆ. ನಿನಗ್ಯಾಕೆ ಅದೆಲ್ಲ, ಎಂದು.

ನಮ್ಮ ಮನೆಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಗುರಪ್ಪನವರು ಪ್ರತಿ ಗುರುವಾರ ಕಾಚು ತರಲು ವಾಸ್ಕೋಕ್ಕೆ ಹೋಗುತ್ತಿದ್ದರು. ಪಾತ್ರಾಂವನ ಗ್ಯಾರೇಜು ಅದೇ ದಾರಿಯಲ್ಲಿ. "ಅವನ ಬಾಯಿಂದ ನಮ್ಮ ಒಲಿ ಆರಿತು" ಎಂದು ಅಮ್ಮಾ ಆ ಅಂಗಡಿಯ ಕಡೆ ನೋಡುವುದನ್ನೇ ಬಿಟ್ಟಳು. ಅಬ್ಬಾ ಅಂಗಡಿಗೆ ಹೋಗಿ, ಬಾಗಿಲಲ್ಲೇ ನಿಂತು ಕೂಗಾಡಿದರು. "ನೀವ ಹೇಳಿದ್ರೋ ಇಲ್ಲೋ? ಕುರಾನ ಮುಟ್ಟಿ ನಾ ಕೇಳಾಕತ್ತೇನಿ, ನಿಮ್ಮ ದೇವ್ರನ್ನ ಮುಟ್ಟಿ ನೀವು ಹೇಳ್ರಿ."

ಗುರಪ್ಪನವರು ಕಾಚು ತಿಕ್ಕುತ್ತಿದ್ದ ಕಲ್ಲನ್ನು ನಿಲ್ಲಿಸಿದರು. "ಹೌದು ಅಂದ್ರ ಹೊಡೀತೀರಿ. ಇಲ್ಲ ಅಂದ್ರ ನಂಬೂದಿಲ್ಲ. ಆಸ್ಪತ್ರಿಗೆ ಯಾವಾಗ ಹೋಗತೀರಿ?"

ಆಸ್ಪತ್ರೆಯವರು ಎರಡೂ ಕಣ್ಣಿಗೆ ಮೋತಿಬಿಂದು ಅಂದರು. ಕಾಯಬೇಕಾಯಿತು, ಒಂದಾದ ಮೇಲೆ ಒಂದು ಆಪರೇಶನ್. ಅಷ್ಟರಲ್ಲಿ ಲಾರಿ ಬೇರೆಯವರ ಕೈಗೆ ಹೋಗಿತ್ತು. ಈಗ ಅಬ್ಬಾ ಸಾಂಕೋಲೆಯ ಒಂದು ಗೋದಾಮಿನಲ್ಲಿ ಗೇಟು ಕಾಯುತ್ತಾರೆ. ಘಾಟಿನಲ್ಲಿ ಏನಾಗುತ್ತಿತ್ತೆಂಬುದು ನಮಗೆ ತಿಳಿದದ್ದೂ ಆಮೇಲೆ. ಫಕೀರಪ್ಪಜ್ಜ ಒಂದು ಸಂಜೆ ಮನೆಗೆ ಬಂದು ತಾನಾಗಿಯೇ ಹೇಳಿದ: ಎರಡು ತಿಂಗಳು ಪ್ರತಿ ತಿರುವಿಗೂ "ಎಡಕ್ಕ ಉಸ್ತಾದ್, ಬಲಕ್ಕ ಉಸ್ತಾದ್" ಎಂದು ಅವನು ಹೇಳುತ್ತಿದ್ದ, ಅಬ್ಬಾ ತಿರುಗಿಸುತ್ತಿದ್ದರು. "ನನ್ನ ಕಣ್ಣರ ಎಲ್ಲಿ ನೆಟ್ಟಗ ಅದಾವು?" ಅಂದ. ಅಮ್ಮಾ ತಲೆಯ ಮೇಲೆ ಕೈ ಹೊತ್ತು ಕೂತಳು.

ಆ ಸಂಜೆಯಿಂದ ನನ್ನ ಸಂಶಯ ಎರಡು ಕವಲಾಯಿತು. ಪಾತ್ರಾಂವನಿಗೆ ಹೇಳಿದವನು ಜೀವಭಯದ ಫಕೀರಪ್ಪಜ್ಜನೂ ಆಗಿರಬಹುದಲ್ಲ? ಕೇಳಿದರೆ ಅಜ್ಜ ತೋಬಾ ತೋಬಾ ಎಂದು ಗಲ್ಲ ಬಡಿದುಕೊಂಡ. ತೀರ ಜೋರಾಗಿ ಬಡಿದುಕೊಂಡ ಎಂದು ನನಗನ್ನಿಸಿತು.

ಗುರಪ್ಪನವರನ್ನು ನಾನು ಕಡೆಯದಾಗಿ ಕಂಡದ್ದು ಆಪರೇಶನ್ ಆದ ಮೇಲಿನ ದಪ್ಪ ಚಸ್ಮಾಕ್ಕಾಗಿ ಅಬ್ಬಾನನ್ನು ಕರೆದುಕೊಂಡು ಹೋದಾಗ. ಬೇರೆ ಅಂಗಡಿಗೆ ಹೋಗೋಣ ಎಂದು ಅಮ್ಮಾ ಅಂದಳು. "ಆ ಮನಷ್ಯಾ ನನ್ನ ನಂಬೂದಿಲ್ಲ, ಖರೆ. ಆದ್ರ ಕಾಚು ತಪಾಸ ಮಾಡೇ ಕೊಡತಾನ" ಎಂದು ಅಬ್ಬಾ ಅಲ್ಲಿಗೇ ಹೊರಟರು. ಗುರಪ್ಪನವರು ಆಸ್ಪತ್ರೆಯ ಚೀಟಿಯನ್ನು ಎರಡು ಸಲ ಓದಿ, ಅದನ್ನೂ ನಂಬದೆ, ಹೊಸದಾಗಿ ಪರೀಕ್ಷೆ ಮಾಡಿದರು. ಚಸ್ಮಾ ತಯಾರಾದ ದಿನ ಅಬ್ಬಾನ ಮುಂದೆ ಚಹಾದ ಗ್ಲಾಸು ಇಟ್ಟು "ಹಿಡೀರಿ" ಅಂದರು. ಅಬ್ಬಾ ಕೈ ಚಾಚಿ ಗ್ಲಾಸಿನ ಈಚೆಯ ಗಾಳಿಯನ್ನು ಹಿಡಿದರು.

"ದಪ್ಪ ಕಾಚು ಎಲ್ಲಾನೂ ದೊಡ್ಡದು ಮಾಡಿ ಹತ್ತಿರ ತಂದು ತೋರಸತೈತಿ. ಕಂಡಲ್ಲಿ ಹಿಡೀಬ್ಯಾಡ್ರಿ, ಇನ್ನೊಂದ ಗೇಣು ಮುಂದ ಹಿಡೀರಿ. ಹಾಂ, ಮತ್ತೊಮ್ಮೆ."

ಚಹಾ ಆರಿಹೋಗುವವರೆಗೆ ಅಬ್ಬಾನಿಂದ ಗ್ಲಾಸು ಎತ್ತಿಸಿದರು, ಇಳಿಸಿದರು. ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ಅಬ್ಬಾ ಹೊರಗೆ ಹೋಗಿ ತೆಂಗಿನ ಮರ ನೋಡುತ್ತ ನಿಂತಾಗ ನಾನು ಕೇಳಿದೆ. "ಕಾಕಾ, ಪಾತ್ರಾಂವಗ ಹೇಳಿದವರು ನೀವೇನ್ರಿ?"

ಅವರು ನನ್ನನ್ನೇ ನೋಡಿದರು. "ಡೈರಿ ಬರೀತೀಯಂತಲ್ಲ, ಅದಕ್ಕ ಬೇಕೇನು?"

"ನನಗ ಬೇಕ್ರಿ."

"ಸಂಶಯ ಐತಿ ಅಂತ ಬರಕೋ ತಂಗಿ. ಗೊತ್ತೈತಿ ಅಂತ ಬರೀಬ್ಯಾಡ."

ನಾನು ಹಾಗೆಯೇ ಬರೆದಿಟ್ಟೆ. ಮುಂದಿನ ತಿಂಗಳು ಅಂಗಡಿಯ ತಗಡಿನ ಬಾಗಿಲು ತೆರೆಯಲಿಲ್ಲ. ಗದಗಿಗೆ ಹೋದರು ಎಂದು ಒಬ್ಬರು, ಕಾರವಾರದಲ್ಲಿ ಕಂಡೆ ಎಂದು ಇನ್ನೊಬ್ಬರು. ಅಂಗಡಿಯಲ್ಲಿ ಈಗ ಕ್ಯಾಸೆಟ್ ಮಾರುತ್ತಾರೆ.

ಈ ಬರಹ ಶುರು ಮಾಡುವ ಮೊದಲು ಅಬ್ಬಾನನ್ನು ಕೇಳಿದೆ, ಗುರಪ್ಪನವರ ಬಗ್ಗೆ ಬರೆಯಲೇ ಎಂದು. ಅವರು ನಮಾಜಿನ ಚಾಪೆ ಮಡಚುತ್ತಿದ್ದರು. "ಬರಿ" ಅಂದರು. ಚಾಪೆಯನ್ನು ಮೂಲೆಗಿಟ್ಟು, "ಎರಡು ವರ್ಷಾತು, ಆ ಮನಷ್ಯಾನ ಹೆಸರು ಹೇಳಿ, ನನ್ನ ಜೀವ ಉಳಿಸಿದಂವಗ ಒಳ್ಳೇದಾಗಲಿ ಅಂತ ದುವಾ ಮಾಡಾಕತ್ತೇನಿ. ಹೇಳಿದಂವ ಅಂವಾ ಅಲ್ಲ ಅಂದ್ರ ಹೆಸರು ಬದಲಿ ಮಾಡಬೇಕಲ್ಲ" ಅಂದರು.

ಗುರಪ್ಪನವರು ಎಲ್ಲಿದ್ದಾರೆಂದು ಬಲ್ಲವರು, ಅಥವಾ ಆ ಶನಿವಾರಕ್ಕೆ ಮುಂಚೆ ಪಾತ್ರಾಂವನ ಗ್ಯಾರೇಜಿಗೆ ಹೋಗಿ ಅಬ್ಬಾನ ಕಣ್ಣಿನ ಮಾತು ಆಡಿದವರು ಯಾರೆಂದು ಬಲ್ಲವರು, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕು. ಹೇಳಿದವರು ತಾವೇ ಆಗಿದ್ದರೂ ಬರೆಯಿರಿ. ಈ ಮನೆಯಲ್ಲಿ ಈಗ ನಿಮಗೆ ಹೊಡೆಯುವವರು ಯಾರೂ ಇಲ್ಲ.