ಎರಡು ಹಲಗೆಗಳ ಗಡಿಯಲ್ಲಿ ಹರಿದ ಸದ್ದು

ಆ ವರ್ಷ ನಾನು ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಸುಬ್ರಹ್ಮಣ್ಯಪುರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಪಿಎಚ್.ಡಿ. ಪ್ರಯೋಗ ಊಟದ ಮೇಜಿನ ಮೇಲೇ ನಡೆಯುತ್ತಿತ್ತು. ಎರಡು ಹಲಗೆ, ಅವುಗಳ ಮೇಲೆ ಹೆಬ್ಬೆರಳು ಗಾತ್ರದ ಮುಕ್ಕೋನದ ಕಂಬಗಳು ಸಾಲುಸಾಲಾಗಿ, ಮೇಲೊಂದು ಪಾರದರ್ಶಕ ಮುಚ್ಚಳ. ಇಂಥದ್ದಕ್ಕೆ ಧ್ವನಿ ಸ್ಫಟಿಕ ಎನ್ನುತ್ತಾರೆ. ಕೆಲವು ಸ್ವರಗಳನ್ನು ಅದು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಆದರೆ ಎರಡೂ ಹಲಗೆಯ ಕಂಬಗಳು ವಿರುದ್ಧ ದಿಕ್ಕಿಗೆ ತಿರುಗಿದ್ದರೆ, ಹಲಗೆಗಳು ಕೂಡುವ ಗೆರೆಯಲ್ಲಿ ಮಾತ್ರ ಅದೇ ಸ್ವರ ಹರಿಯಬೇಕು. ಲೆಕ್ಕ ಹಾಗೆ ಹೇಳುತ್ತಿತ್ತು. ಗೆರೆಯ ಒಂದು ತುದಿಗೆ ಸ್ಪೀಕರ್ ಇಟ್ಟು ಆ ಸ್ವರ ಬಿಡುತ್ತಿದ್ದೆ; ಇನ್ನೊಂದು ತುದಿಯಲ್ಲಿ ನನ್ನ ಮೈಕಿಗೆ ಮೂರು ದಿನದಿಂದ ಏನೂ ಕೇಳಿಸಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಮನೆಯೊಡತಿ ಮೇಲೆ ಬಂದರು. ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆದವರು.

“ಏನ್ ಮೇಡಂ ಇದು, ಒಂದೇ ಸಮ ಕುಯ್ಯೋ ಅಂತಿದೆ?”

ಸ್ಪೀಕರ್ ತೋರಿಸಿ, ಎಲ್ಲವನ್ನೂ ವಿವರಿಸಿದೆ. ಅವರು ಬಗ್ಗಿ ಮುಚ್ಚಳದೊಳಗೆ ನೋಡಿದರು.

“ಅರ್ಧ ಈ ಕಡೆ, ಅರ್ಧ ಆ ಕಡೆ ಅಂದ್ರಿ. ಎಲ್ಲಾ ಒಂದೇ ಕಡೆ ಮೂತಿ ಮಾಡ್ಕೊಂಡವಲ್ಲ?”

ನಾನೂ ಬಗ್ಗಿ ನೋಡಿದೆ. ಮೊದಲ ದಿನ ಧೂಳು ಒರೆಸಿ ಮತ್ತೆ ಜೋಡಿಸುವಾಗ ಎರಡನೇ ಹಲಗೆಯನ್ನು ಅರ್ಧ ಸುತ್ತು ತಿರುಗಿಸುವುದನ್ನೇ ಮರೆತಿದ್ದೆ. ತಿರುಗಿಸಿ ಇಟ್ಟೆ. ಗೆರೆಯ ತುದಿಗೆ ಮೈಕ್ ಹಿಡಿದ ತಕ್ಷಣ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಎದ್ದು ನಿಂತಿತು. ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಮತ್ತೆ ಮೌನ. ಇಬ್ಬರೂ ಮೈಕನ್ನು ಅತ್ತ ಇತ್ತ ಆಡಿಸುತ್ತಾ ಕೂತೆವು.

“ಮಧ್ಯ ಒಂದು ಕಂಬ ಕಿತ್ತಾಕಿದ್ರೆ ನಿಂತೋಗುತ್ತಾ?”

ಆ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಕಾಯಲು ಮನಸ್ಸಾಗಲಿಲ್ಲ. ಇಕ್ಕಳದಿಂದ ಒಂದನ್ನು ಕಿತ್ತೆ. ಸದ್ದು ಚೂರು ತಗ್ಗಿತು, ಆದರೂ ತುದಿ ಮುಟ್ಟಿತು.

“ದಾರಿ ಅದಕ್ಕೆಂಗೆ ಗೊತ್ತಾಗುತ್ತೆ?”

“ಎರಡೂ ಕಡೆಯ ಸ್ವಭಾವ ಉಲ್ಟಾ. ಉಲ್ಟಾ ಇರೋವು ಸೇರೋ ಕಡೆ ದಾರಿ ತೆರೀಲೇಬೇಕು.”

“ಅದೇ ಕೇಳ್ತಿರೋದು. ಯಾಕೆ ತೆರೀಲೇಬೇಕು?”

ಬೋರ್ಡಿನ ಮೇಲೆ ಬರೆಯಬಲ್ಲೆ. ಬಾಯಲ್ಲಿ ಹೇಳಲು ಬರಲಿಲ್ಲ. ಹಾಗಂತ ಒಪ್ಪಿಕೊಂಡೆ. ಅವರು ನಕ್ಕು, “ಗೊತ್ತಾದ್ಮೇಲೆ ಹೇಳಿ,” ಎಂದು ಇಳಿದುಹೋದರು. ಅವತ್ತು ಬಸ್ಸಿನಲ್ಲಿ ಕಾಲೇಜು ತಲುಪುವವರೆಗೂ ಲೆಕ್ಕ ಬಿಟ್ಟು ಬರೀ ಮಾತುಗಳನ್ನು ಹುಡುಕಿದೆ.

ಭಾನುವಾರ ಗಡಿಯ ಗೆರೆ ಎರಡು ಕಡೆ ಚೂಪಾಗಿ ತಿರುಗುವಂತೆ ಕಂಬಗಳನ್ನು ಮತ್ತೆ ಜೋಡಿಸಿದೆ. ಮೈಕ್ ಹಿಡಿಯಲು ಅವರನ್ನೇ ಕರೆದೆ.

“ಬಂತಾ?” ಎಂದರು, ಮೈಕ್ ಅಲುಗಿಸದೆ.

ಸದ್ದು ಎರಡೂ ತಿರುವು ದಾಟಿ ಬಂದಿತ್ತು.